ಕಿವಿಗೊಂದು ಬೂಸ್ಟರು

ನಮ್ಮ ಹೊಲ ಕೊಂಕಲ್ ಊರಿಂದ ಎರಡು ಮೈಲಿ, ನಡುವೆ ಒಂದು ದಿಬ್ಬ. ದಿಬ್ಬ ಇಳಿದರೆ ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಮಲಗಿಬಿಡುತ್ತವೆ. ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀಫೇಸ್ ಅನ್ನುವುದು ಸರಕಾರದ ಲೆಕ್ಕ. ಆ ಏಳು ತಾಸು ಎಷ್ಟೊತ್ತಿಗೆ ಶುರು ಅನ್ನುವುದು ದೇವರ ಲೆಕ್ಕ. ಹೊಲದ ಗುಡಿಸಲಲ್ಲಿ ಮಲಗುವ ನನ್ನ ಭಾವಮೈದುನ ಕರೆಂಟು ಬಂದಿದೆ ಅಂದರೆ ನಾನು ನೀರು ತಿರುವಲು ಎದ್ದು ಹೋಗಬೇಕು. ಹೋಗಿದೆ ಅಂದರೆ ಮಗ್ಗಲು ಬದಲಿಸಬೇಕು. ಈ ಒಂದು ಸುದ್ದಿಗಾಗಿ ಹೈದರಾಬಾದಿನ ಕೋಠಿಗೆ ಹೋಗಿ, ಗುಜರಾತಿ ಗಲ್ಲಿಯಲ್ಲಿ ಅಲೆದು, ಎರಡು ಹಳೆಯ ಸಿಬಿ ರೇಡಿಯೊ ಸೆಟ್ಟು ತಂದೆ. ಉದ್ದನೆ ಕಡ್ಡಿಯ, ಇಟ್ಟಂಗಿಯಷ್ಟು ಭಾರದ ಕೈಸೆಟ್ಟುಗಳು.

ಸಿಬಿ ಅಂದರೆ ಸಿಟಿಜನ್ ಬ್ಯಾಂಡು, 27 ಮೆಗಾಹರ್ಟ್ಸ್ ಆಸುಪಾಸಿನ ಸಾರ್ವಜನಿಕ ಗಲ್ಲಿ. ನಮ್ಮ ದೇಶದಲ್ಲಿ 2005ರ ನಿಯಮದಿಂದ 5 ವ್ಯಾಟಿನವರೆಗೆ ಇದಕ್ಕೆ ಲೈಸೆನ್ಸು ಬೇಕಿಲ್ಲ. ನಮ್ಮಪ್ಪ ಮರ್ಫಿ ರೇಡಿಯೊದಲ್ಲಿ ಬರೀ ಕೇಳುವುದಕ್ಕೇ ವರ್ಷಾ ವರ್ಷಾ ಪೋಸ್ಟಾಫೀಸಿಗೆ ರೊಕ್ಕ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿದವರು. ಆಗ ಕೇಳುವುದಕ್ಕೂ ಪರವಾನಗಿ. ಈಗ ಮಾತಾಡಿದರೂ ಕೇಳುವವರಿಲ್ಲ. ನನ್ನ ಸೆಟ್ಟಿನಲ್ಲಂತೂ ಅಕ್ಷರಶಃ ಕೇಳುತ್ತಿರಲಿಲ್ಲ. ಭಾವಮೈದುನನ ದನಿ ಬಾವಿಯ ತಳದಲ್ಲಿ ಯಾರೋ ಕೆಮ್ಮಿದಂತೆ ಬರುತ್ತಿತ್ತು.

ಬೂಸ್ಟರ್ ಹಾಕಬೇಕು ಅಂತ ತೀರ್ಮಾನಿಸಿದೆ. ಈ ಹುಚ್ಚಿಗೆ ಬೀಜ ಬಿದ್ದದ್ದು ಬಾಲ್ಯದಲ್ಲಿ. 1975ರ ಆಗಸ್ಟ್ ಒಂದರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹ ಕೆನ್ಯಾದ ನೆತ್ತಿಯ ಮೇಲೆ ನಿಂತು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸಿತಲ್ಲ, ಕರ್ನಾಟಕದಲ್ಲಿ ಆ ಭಾಗ್ಯ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳದು. ನಮ್ಮ ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. ಸೋದರಮಾವನ ಊರಿನ ಶಾಲೆಯ ಅಂಗಳದಲ್ಲಿ ಹತ್ತಡಿ ಅಗಲದ ಛತ್ರಿ ನಿಂತಿತ್ತು, ಕೋಳಿಗೂಡಿಗೆ ಹೊದಿಸುವಂಥ ತಂತಿ ಜಾಳಿಗೆಯದು. ಟಿವಿ ಒಳಗೆ, ಆದರೆ ಛತ್ರಿಯ ಹತ್ತಿರವೇ ಒಂದು ಪುಟ್ಟ ಡಬ್ಬಿ. "ಅದನ್ನ ಅಲ್ಲ್ಯಾಕ ಇಟ್ಟೀರಿ?" ಅಂತ ಕೇಳಿದ್ದಕ್ಕೆ ರಿಪೇರಿಗೆ ಬಂದಿದ್ದ ಮನುಷ್ಯ, "ಮೂವತ್ತಾರು ಸಾವಿರ ಕಿಲೋಮೀಟರ್ ನಡಕೊಂಡು ಬಂದಾದಪಾ, ಬಾಗಿಲದಾಗೇ ಒಂದ್ ತಂಬಿಗಿ ನೀರ್ ಕೊಡಬೇಕು" ಅಂದ. ಪ್ರಿಆಂಪ್ಲಿಫಯರ್ ಅನ್ನುವ ಈ ಬೂಸ್ಟರಿನ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಬಿಎಫ್494 ಎಂಬ ಚಿಲ್ಲರೆ ಕಾಸಿನ ಟ್ರಾನ್ಸಿಸ್ಟರು, ಪೆನ್ಸಿಲ್ ಮೇಲೆ ಸುತ್ತಿದ ಕಾಯಿಲು, ಒಂದು ಟ್ರಿಮ್ಮರು, ನಾಕು ಕೆಪಾಸಿಟರು. ಒಂದು ಭಾನುವಾರ ಬೆಸುಗೆ ಹಾಕಿ ಕಡ್ಡಿಯ ಬುಡದಲ್ಲೇ ಕೂಡಿಸಿದೆ. ಸಂಜೆ ಗತ್ತಿನಿಂದ ಗುಂಡಿ ಒತ್ತಿ "ಹಲೋ" ಅಂದೆ. ಉತ್ತರದ ಬದಲು ಸುಟ್ಟ ವಾಸನೆ ಬಂತು.

ತಪ್ಪು ನನ್ನದೇ. ಮಾತಾಡುವಾಗ ಬೂಸ್ಟರನ್ನು ದಾರಿಯಿಂದ ಸರಿಸಲು ಒಂದು ರಿಲೇ ಬೇಕು, ಅದನ್ನು ಮರೆತಿದ್ದೆ. ಜೋರು ಸಿಗ್ನಲ್ ಅನ್ನಿಸಿಕೊಳ್ಳುವ ಎಸ್-9 ಬರೀ 50 ಮೈಕ್ರೋವೋಲ್ಟು. ನನ್ನ ಸೆಟ್ಟಿನ 5 ವ್ಯಾಟು, 50 ಓಮಿನ ಲೆಕ್ಕದಲ್ಲಿ, ಹದಿನಾರು ವೋಲ್ಟಿನ ಹತ್ತಿರ. ಅಂದರೆ ಮೂರು ಲಕ್ಷ ಪಟ್ಟು. ಇರುವೆಗೆಂದು ತೆರೆದಿಟ್ಟ ಬಾಗಿಲಲ್ಲಿ ಗೂಳಿ ನುಗ್ಗಿತ್ತು.

ಎರಡನೇ ಟ್ರಾನ್ಸಿಸ್ಟರು, ಜೊತೆಗೆ ರಿಲೇ. ಈ ಸಲ ಸೆಟ್ಟಿನ ಮೀಟರಿನ ಮುಳ್ಳು ಸರ್ರನೆ ಏರಿತು. ಏರಿದ್ದು ಭಾವಮೈದುನನ ದನಿಯೊಂದೇ ಅಲ್ಲ. ಓಣಿಯ ಎಲ್‌ಇಡಿ ಬಲ್ಬುಗಳ ಗುಂಯ್, ಚಾರ್ಜರುಗಳ ಕಿರುಗುಟ್ಟು, ಕಂಬದ ಬಿರುಕುಬಿಟ್ಟ ಪಿಂಗಾಣಿಯ ಚಟಪಟ, ಪಕ್ಕದ ಮನೆ ಹುಡುಗನ ರಿಮೋಟ್ ಕಾರು (ಅದೂ 27 ಮೆಗಾಹರ್ಟ್ಸಿನ ಬಿರಾದರಿಯೇ), ಬೇಲಿಗೆ ಶಾಕ್ ಕೊಟ್ಟು ಹಂದಿ ಓಡಿಸುವ ಝಟ್ಕಾ ಮಷೀನಿನ ಟಕ್, ಟಕ್. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಬಡಿಸಿಕೊಂಡಿದ್ದರು. ಈ ಬ್ಯಾಂಡಿನಲ್ಲಿ ಹೊರಗಿನ ಗದ್ದಲವೇ ಸೆಟ್ಟಿನ ಒಳಗದ್ದಲಕ್ಕಿಂತ ಹೆಚ್ಚು. ಬೂಸ್ಟರು ಎರಡನ್ನೂ ಎತ್ತುತ್ತದೆ, ನಡುವಿನ ಅಂತರ ಇದ್ದಲ್ಲೇ ಇರುತ್ತದೆ.

ಈ ಸಿದ್ಧಾಂತ ನಮ್ಮವ್ವನಿಗೆ ಎಂದೋ ಗೊತ್ತಿತ್ತು. ಯಾದಗಿರಿಯಿಂದ ತಂದುಕೊಟ್ಟ ಕಿವಿ ಮಷೀನನ್ನು ಎರಡನೇ ದಿನವೇ ತೆಗೆದು ಎಲಿಅಡಿಕಿ ಚೀಲದಲ್ಲಿ ಇಟ್ಟಿದ್ದಳು. "ಬೇಕಾದ್ದೂ ದೊಡ್ಡದಾಗಿ ಕೇಳ್ತದ, ಬ್ಯಾಡಾದ್ದೂ ದೊಡ್ಡದಾಗಿ ಕೇಳ್ತದ. ಆರಿಸ್ಕೊಳ್ಳೋದು ಹ್ಯಾಂಗೋ?"

ಆದರೂ ನಾನು ಬಿಡಲಿಲ್ಲ. ಟ್ರಿಮ್ಮರ್ ತಿರುವುತ್ತ, ಕಾಯಿಲಿನ ಸುತ್ತು ಹಿಗ್ಗಿಸುತ್ತ ಹದಿನೈದು ದಿನ ಕಳೆದೆ. ಆಮೇಲೊಂದು ರಾತ್ರಿ, ಸೆಟ್ಟನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದಾಗ, ಗದ್ದಲವೆಲ್ಲ ಚಾಕುವಿನಿಂದ ಕೊಯ್ದಂತೆ ನಿಂತಿತು. ಉಳಿದದ್ದು ಬ್ಯಾಟರಿಯ ಝಟ್ಕಾ ಮಷೀನಿನ ಟಕ್, ಟಕ್ ಒಂದೇ. ಆ ಮೌನದೊಳಗಿಂದ ಭಾವಮೈದುನ ಪಕ್ಕದ ಹೊರಸಿನಲ್ಲೇ ಮಲಗಿದ್ದಾನೇನೋ ಅನ್ನುವಷ್ಟು ಸ್ವಚ್ಛವಾಗಿ ಮಾತಾಡಿದ. ಅವನ ಉಸಿರು ಸಹ ಕೇಳಿತು. ನಾನು ಖುಷಿಯಿಂದ ಎದ್ದು ಕೂತೆ. ತಲೆಯ ಮೇಲಿನ ಫ್ಯಾನು ನಿಧಾನಕ್ಕೆ ನಿಲ್ಲುತ್ತಿತ್ತು. ಹೊರಗೆ ಊರಿಗೆ ಊರೇ ಕತ್ತಲು.

"ಮಾವಾ, ಕೇಳ್ಲತ್ತಾದೇನು? ಕರೆಂಟ್ ಹೋಗ್ಯಾದ."