ಕಣವಿಜ್ಞಾನಿ ಊರಿಗೆ ಬರುವ ಪ್ರಸಂಗ

ಜಿನೀವಾ ಬಳಿಯ ಸರ್ನ್ ಕಣಭೌತ ಪ್ರಯೋಗಾಲಯದಲ್ಲಿ ಸಂಜೆ 4 ಗಂಟೆ. ಸಾಗರದ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ ರಾತ್ರಿ 8:30.

“ಅಮ್ಮಾ, ಡಿಸೆಂಬರ್‌ನಲ್ಲಿ ಸರ್ನ್‌ಗೆ ಎರಡು ವಾರ ರಜ. ಬರ್ತೀನಿ.”

“ಯಾಕೋ, ಕೆಲಸದಿಂದ ತೆಗೆದ್ರಾ?”

“ಇಲ್ಲಮ್ಮ, ಚಳಿಗಾಲಕ್ಕೆ ಯಂತ್ರ ನಿಲ್ಲಿಸ್ತಾರೆ. 27 ಕಿಲೋಮೀಟರ್ ಸುತ್ತಳತೆ, ನೆಲದಡಿ ನೂರು ಮೀಟರ್...”

“ನಮ್ಮ ಬೋರ್‌ವೆಲ್ಲೂ ಅಷ್ಟೇ ಆಳ ಮಾರಾಯ. ಅದೂ ನಿಂತಿದೆ. ಬಂದವನು ಮೊದಲು ಮೋಟರ್ ನೋಡು.”

“ನಾನು ಕಣವಿಜ್ಞಾನಿ ಅಮ್ಮ!”

“ಕಣ ಅಂದ್ಮೇಲೆ ಸುಗ್ಗಿಗೆ ಬರಲೇಬೇಕು. ಕೊಯ್ಲಿಗೆ ಆಳಿಲ್ಲ. ಅಡಿಕೆ ಸುಲಿಯೋರ ಪಟ್ಟೀಲಿ ಅಪ್ಪ ನಿನ್ನ ಹೆಸರು ಬರ್ಕೊಂಡಾಯ್ತು.”

(ಪ್ರೋಟಾನುಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಓಡಿಸುವವನು ತಾಯಿಯ ಮಾತಿನ ವೇಗಕ್ಕೆ ಸೋತದ್ದು ಇದೇ ಮೊದಲಲ್ಲ.)

“ಪಕ್ಕದ ಮನೆಯವ್ರು, ನಿಮ್ಮ ಮಗ ಯಾವುದರ ಡಾಕ್ಟ್ರು ಅಂದ್ರು. ಬೋಸಾನ್ ಅಂದೆ. ಅದಕ್ಕೆ ಔಷಧಿ ಇದೆಯಾ ಅಂತ ಕೇಳಿದ್ರು.”

“ನೀವೇನಂದ್ರಿ?”

“ಇನ್ನೂ ಹುಡುಕ್ತಿದಾನೆ ಅಂದೆ.”

“...”

“ತಾಳಗುಪ್ಪ ರೈಲಿಗೆ ಈಗಲೇ ಟಿಕೆಟ್ ಮಾಡ್ಸು. ಹಾಂ, ಸ್ವಿಸ್ ಚಾಕು ಭಾರೀ ಹರಿತವಂತೆ. ಅಡಿಕೆ ಸುಲಿಯೋ ಹಾಗಿರೋದು ಎರಡು ತಗಂಬಾ. ಒಂದು ನಿಂಗೆ.”