ಕಾಲುಚೀಲವೂ ಕಾಗದದ ಕೌದಿಯೂ

ನನ್ನ ಹತ್ತಿರ 200 ಪುಟದ ಒಂದು ನೋಟ್‌ಬುಕ್ ಇದೆ. ಅದರಲ್ಲಿ 11 ಕೌದಿಗಳಿವೆ. ಚೌಕುಳಿ ಹಾಳೆಯ ಮೇಲೆ ಬಣ್ಣದ ಪೆನ್ಸಿಲ್ಲಿನಲ್ಲಿ ತುಂಬಿದ, ಅಂಚಿಗೆಲ್ಲ ಅಳತೆ ಬರೆದ ಚೆಂದದ ಕೌದಿಗಳು. ಹೊದ್ದುಕೊಳ್ಳುವುದಕ್ಕೆ ಮಾತ್ರ ಬರುವುದಿಲ್ಲ.

ಬಾಗಲಕೋಟೆಯ ಬಿಸಿಲಿಗೆ ಬೇಸತ್ತು ಬೆಂಗಳೂರಿಗೆ ಬಂದಿದ್ದ ನಮ್ಮತ್ತೆ ಒಂದು ಮಧ್ಯಾಹ್ನ ಇಣುಕಿ ನೋಡಿದರು.

“ಏನ್ ಬರಿಯಾಕತ್ತೀಯವಾ?”

“ಕೌದಿ, ಅತ್ತೆ.”

“ಬರದ್ರ ಬೆಚ್ಚಗ ಆಕ್ಕತೇನು?”

ಮರುದಿನವೇ ಅವರು ಹಾಲಿನ ನಡುವೆ ಹಳೆಯ ಇಳಕಲ್ ಸೀರೆ ಹಾಸಿದರು. ಫ್ಯಾನಿನ ಗಾಳಿಗೆ ಏಳದಂತೆ ಮೂರು ಮೂಲೆಗೆ ಕುಟ್ಟಾಣಿ, ಸೇರು, ಇಸ್ತ್ರಿಪೆಟ್ಟಿಗೆ. ನಾಲ್ಕನೆಯದಕ್ಕೆ ನನ್ನ ನೋಟ್‌ಬುಕ್. ಕೌದಿಯ ಕೆಲಸಕ್ಕೆ ಅದು ನಿಜವಾಗಿ ಒದಗಿದ್ದು ಅವತ್ತೇ. ಸೀರೆಯ ಮೇಲೆ ಮಾವನವರ ಸವೆದ ಧೋತರ, ಅದರ ಮೇಲೆ ಕೈಗೆ ಸಿಕ್ಕ ಬಣ್ಣದ ತುಂಡುಗಳು. ಅಳತೆಗೆ ಬೆರಳಿದೆಯಲ್ಲ! ಬೆರಳಗಲ ಬಿಟ್ಟು ಬಿಟ್ಟು ಟಾಕಿ ಹಾಕುತ್ತ, ಧಾರಾವಾಹಿಯ ಸೊಸೆಯನ್ನು ಬೈಯುತ್ತ (ಅದು ಧಾರಾವಾಹಿಯ ಸೊಸೆಯೇ ಎಂದು ನಂಬಿದ್ದೇನೆ) ಸಾಗಿದರು.

ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಕವಂದಿ ಎಂಬ ತಮ್ಮ ಕೌದಿ ಹೊಲಿಯುವಾಗ ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ ‘ಫೂಲ’ ಕೂರಿಸದಿದ್ದರೆ ಕವಂದಿ ಮುಗಿದಂತಲ್ಲ. ಇದು ಗೊತ್ತಾದದ್ದೇ ತಡ, ಉತ್ಸಾಹ ತಡೆಯಲಾರದೆ ಕೊನೆಯಿಂದಲೇ ಶುರು ಮಾಡಿದೆ. ನಾಲ್ಕೂ ಫೂಲ ತಯಾರಾಗಿ ಡಬ್ಬಿಯಲ್ಲಿವೆ. ಅವುಗಳ ನಡುವೆ ಒಂದು ಕವಂದಿ ಬರುವುದಷ್ಟೇ ಬಾಕಿ.

ಕೌದಿ ದೊಡ್ಡ ಬಾಬತ್ತಾಯಿತೆಂದು ಕಾಲುಚೀಲಕ್ಕೆ ಇಳಿದೆ. ಸಣ್ಣ ಎಳೆಯ ಉಲ್ಲನ್ 100 ಗ್ರಾಂ ಇದ್ದರೆ ಒಂದು ಜೊತೆಗೆ ಸಾಕು. 64 ಕುಣಿಕೆಗಳನ್ನು ನಾಲ್ಕು ಕಡ್ಡಿಗೆ ಹಂಚಿ, ಐದನೆಯದರಿಂದ ಸುತ್ತ ಹೆಣೆಯುತ್ತ ಹೋಗುವುದು. ಕಣಕಾಲು ದಾಟುವವರೆಗೆ ಸುಖ. ಹಿಮ್ಮಡಿಯಲ್ಲಿ ಕಾದಿರುತ್ತದೆ ಕರ್ಮ: 32 ಕುಣಿಕೆಗಳನ್ನಷ್ಟೇ ಹಿಂದೆ ಮುಂದೆ ಹೆಣೆದು, ಆಮೇಲೆ ಸಾಲು ಮುಗಿಯುವ ಮೊದಲೇ ತಿರುಗಿ, ಮತ್ತೆ ತಿರುಗಿ, ಚಪ್ಪಟೆ ಪಟ್ಟಿಗೆ ಬಟ್ಟಲಿನ ಆಕಾರ ತರಬೇಕು. ಇಪ್ಪತ್ತೈದು, ಇಪ್ಪತ್ತಾರು ಅಂತ ಎಣಿಸುತ್ತಿದ್ದಾಗ ಕುಕ್ಕರ್ ಕೂಗಿತು. ಅದರ ಮೂರು ಕೂಗೂ ನನ್ನ ಲೆಕ್ಕಕ್ಕೆ ಸೇರಿಹೋದವು. ಹಿಮ್ಮಡಿ ಸೊಟ್ಟಗಾಯಿತು, ಬೇಳೆ ಬೇಯಲಿಲ್ಲ.

ಹೇಗೋ ಒಂದು ಮುಗಿಯಿತು. ಯಜಮಾನರು ಅದನ್ನೇರಿಸಿ ಹವಾಯಿ ಚಪ್ಪಲಿಗೆ ಕಾಲು ತೂರಿಸಲು ಐದು ನಿಮಿಷ ಹೆಣಗಿದರು. “ಹೆಬ್ಬೆರಳಿಗೆ ದಾರಿಯೇ ಇಲ್ವಲ್ಲೇ?” ನಗುವ ಮಾತಲ್ಲ. ಈಜಿಪ್ಟಿನಲ್ಲಿ ಸಿಕ್ಕ, ಸುಮಾರು 1600 ವರ್ಷ ಹಳೆಯ ಒಂದು ಜೊತೆ ಕೆಂಪು ಉಣ್ಣೆಯ ಕಾಲುಚೀಲ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಚಪ್ಪಲಿಯ ಬಾರು ಹಾಯಲೆಂದು ಅದರಲ್ಲಿ ಹೆಬ್ಬೆರಳಿಗೆ ಬೇರೆ ಕೋಣೆಯನ್ನೇ ಬಿಟ್ಟಿದ್ದಾರೆ. ಆ ಪುಣ್ಯಾತ್ಮರು ಜೊತೆಯನ್ನೂ ಪೂರ್ತಿ ಮಾಡಿದ್ದರು ಎನ್ನುವುದನ್ನು ನಾನು ಯಜಮಾನರಿಗೆ ಹೇಳಲಿಲ್ಲ.

ತಂಗಿಗೆ ಫೋನಿನಲ್ಲಿ, “ಒಂದು ಕಾಲುಚೀಲ ಆಗಿದೆ ಕಣೇ” ಎಂದರೆ ಅತ್ತೆ ಒಳಗಿನಿಂದಲೇ, “ಕಾಲ್ ಚೀಲ ಏನು? ಜ್ವಾಳೋ, ಅಕ್ಕಿಯೋ?” ಅಂದರು.

ಮಳೆ ಹಿಡಿಯುವ ಹೊತ್ತಿಗೆ ಅವರ ಕೌದಿ ಮುಗಿಯಿತು. ಮಂಚದ ಮೇಲೆ ಅದನ್ನು ಹಾಸಿಟ್ಟು ಊರಿಗೆ ಹೊರಟರು. ನನ್ನ ಕಾಲುಚೀಲ ಕಾಣೆ! ನೋಡಿದರೆ ಅವರ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಾರೆ. ಒಳಗೆ ಸೂಜಿ, ದಾರದ ಉಂಡೆ, ಕತ್ತರಿ. ಬಾಯಿಗೆ ಲಾಡಿ ಬೇರೆ ಪೋಣಿಸಿದ್ದಾರೆ.

“ಚೀಲ ಚಲೋ ಆಗೇತವಾ. ಇನ್ನೊಂದು ಮಾಡಿ ಕಳಸು, ಎಲಿ ಅಡಿಕಿಗೆ ಆಕ್ಕತಿ.”

ಬಸ್ಸು ಹತ್ತಿಸಿ ಬಂದವಳೇ ನೋಟ್‌ಬುಕ್ ತೆಗೆದು ಹೊಸ ಪುಟದಲ್ಲಿ ಎಲೆ ಅಡಿಕೆ ಚೀಲದ ನಕ್ಷೆ ಬರೆದೆ. ಸುಣ್ಣದ ಡಬ್ಬಿಗೆ ಹಿಮ್ಮಡಿ ಬೇಕೋ ಬೇಡವೋ ಎನ್ನುವುದೊಂದು ಇನ್ನೂ ಇತ್ಯರ್ಥವಾಗಿಲ್ಲ.