ಎಂಟು ವರ್ಷಕ್ಕೆ ಒಂದೂವರೆ ಇಂಚು

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ತಂದೆ-ತಾಯಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಅಪ್ಪಣೆ ಸಿಗುತ್ತದೆ. ತಾಯಂದಿರಿಗೆ ಈ ಆರು ತಿಂಗಳು ಸಾಲುವುದಿಲ್ಲ: ಸಾರಿನ ಪುಡಿ, ಚಟ್ನಿಪುಡಿ, ಮೊಮ್ಮಗುವಿನ ಎಣ್ಣೆಸ್ನಾನ. ತಂದೆಯಂದಿರ ಪಾಡು ಬೇರೆ. ಬೆಳಗಿನ ಪೇಪರ್ ಇಲ್ಲ, ಅರಳಿಕಟ್ಟೆ ಇಲ್ಲ, ಕಟ್ಟೆಯ ಮೇಲೆ ಕೂರುವ ಗೆಳೆಯರಿಲ್ಲ. ಕಾರು ಓಡಿಸಲು ಬಾರದು, ನಡೆದು ಹೋಗುವಷ್ಟು ಹತ್ತಿರದಲ್ಲಿ ಯಾವ ಅಂಗಡಿಯೂ ಇರದು. ಕೊನೆಗೆ ಹಿತ್ತಿಲಿಗಿಳಿದು ಮೆಂತ್ಯ, ಕೊತ್ತಂಬರಿ ಚೆಲ್ಲುತ್ತಾರೆ. ಮೆಂತ್ಯ ಮೂರು ದಿನಕ್ಕೇ ತಲೆ ಎತ್ತುತ್ತದೆ, ಜೊತೆಗೆ ಅವರೂ.

ತಿಪಟೂರಿನ ನಿವೃತ್ತ ಮೇಷ್ಟ್ರೊಬ್ಬರ ಮಗಳ ಮನೆ ಇರುವುದು ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಅವರು ಹೋದದ್ದು ಮೇ ಕೊನೆಗೆ. 2023ರ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಊರು ಫೀನಿಕ್ಸ್. ಅಂಥ ಕಡೆ ಚೆಲ್ಲಿದ ಕೊತ್ತಂಬರಿ ಬೀಜ ಮೊಳೆಯುವ ಗೋಜಿಗೆ ಹೋಗದೆ, ನೆಲದಲ್ಲೇ ಹುರಿದುಕೊಂಡು ಸಾರಿನ ಪುಡಿಗೆ ತಯಾರಾಯಿತು. ಆ ಬಿಸಿಲಿನಲ್ಲೂ ರಸ್ತೆ ಬದಿಯಲ್ಲಿ ತೋಳೆತ್ತಿ ನೆಟ್ಟಗೆ ನಿಂತಿದ್ದದ್ದು ಒಂದೇ: ಹಳೆಯ ಕೌಬಾಯ್ ಸಿನಿಮಾಗಳಲ್ಲಿ ನಾಯಕನಿಗಿಂತ ಹೆಚ್ಚು ಸಲ ತೆರೆಯ ಮೇಲೆ ಬರುವ ಆ ಕಂಬಗಳ್ಳಿ. ಹೆಸರು ಸವಾರೋ.

ನಲವತ್ತು ಅಡಿಯ ಗಿಡದ ಬೀಜವೂ ಅದಕ್ಕೆ ತಕ್ಕಂತಿರಬೇಕು ಎಂಬುದು ತೆಂಗಿನ ಸೀಮೆಯವರ ಲೆಕ್ಕ. ಮಗಳು ನರ್ಸರಿಯಿಂದ ಕೊಡಿಸಿದ ಪೊಟ್ಟಣ ಬಿಚ್ಚಿದರೆ ಒಳಗೆ ಎರಡು ಮಿಲಿಮೀಟರ್ ಉದ್ದದ ಕಪ್ಪು ಕಾಳುಗಳು. ಮೇಷ್ಟ್ರು ಕನ್ನಡಕ ಬದಲಿಸಿ ನೋಡಿದರು. ಮಗಳು ಮೊಬೈಲ್‌ನಲ್ಲಿ ಓದಿ ಹೇಳಿದಳು: “ಅಪ್ಪಾ, ಇದು ಎಂಟು ವರ್ಷಕ್ಕೆ ಒಂದರಿಂದ ಒಂದೂವರೆ ಇಂಚು ಬೆಳೆಯತ್ತಂತೆ.”

“ಎಂಟು ದಿನಕ್ಕೆ ಅಂತ ಇರಬೇಕು. ಸರಿಯಾಗಿ ಓದು.”

ಸರಿಯಾಗಿಯೇ ಓದಿದ್ದಳು. ಟೂಸಾನ್ ನಗರದ ಬಳಿಯ ಸವಾರೋ ರಾಷ್ಟ್ರೀಯ ಉದ್ಯಾನದವರು ಕೊಡುವ ಲೆಕ್ಕ ಅದು. ಕುಂಡದಲ್ಲಿಟ್ಟು ನೀರು, ಗೊಬ್ಬರ ಕೊಟ್ಟು ಸಾಕಿದರೆ ಇದಕ್ಕಿಂತ ಬೇಗ ಬೆಳೆಯುತ್ತದೆ. ಬೇಗ ಎಂದರೆ, ಎಂಟು ವರ್ಷ ಕಳೆದ ಮೇಲೆ ನೆಂಟರಿಗೆ ತೋರಿಸಲು ಭೂತಗನ್ನಡಿ ಬೇಕಾಗುವುದಿಲ್ಲ, ಅಷ್ಟೆ.

ಮೇಷ್ಟ್ರ ಹೆಂಡತಿಗೆ ಮೊದಲ ದಿನದಿಂದಲೂ ಒಂದೇ ಪ್ರಶ್ನೆ: ಬೇಲಿಯ ಕಳ್ಳಿಗೆ ಇಷ್ಟೊಂದು ಉಪಚಾರವೇ? ಅವರ ಮಾತಿನಲ್ಲಿ ತಪ್ಪಿಲ್ಲ. ತಿಪಟೂರಿನ ಕಡೆ ಕಳ್ಳಿಗೆ ಬೀಜ ಹಾಕಿದವರನ್ನು ಯಾರೂ ಕಂಡಿಲ್ಲ. ಒಂದು ತುಂಡು ಮುರಿದು ಬದುವಿನಲ್ಲಿ ಚುಚ್ಚಿದರೆ ಮರುವರ್ಷ ಅದು ದನ ತಡೆಯುತ್ತದೆ. ಆದರೆ ಆ ಕಂಬದಂಥ ಬೇಲಿಗಳ್ಳಿ ಕ್ಯಾಕ್ಟಸ್ ಕುಟುಂಬದ್ದೇ ಅಲ್ಲ. ಮುರಿದರೆ ಹಾಲು ಸುರಿಸುವ ಯೂಫೋರ್ಬಿಯಾ ಬಳಗದ್ದು. ನಮ್ಮ ಕಡೆ ನಿಜವಾದ ಕ್ಯಾಕ್ಟಸ್ ಎಂದರೆ ಪಾಪಸುಕಳ್ಳಿ. ಅದರ ತವರು ಅಮೆರಿಕ ಖಂಡ. ವೀಸಾ ಕೇಳುವವರಿಲ್ಲದ ಕಾಲದಲ್ಲಿ ಬಂದು ಇಲ್ಲೇ ಉಳಿದುಬಿಟ್ಟಿತು. ಸವಾರೋ ಇವೆರಡರ ಹಾಗಲ್ಲ. ಅದರ ತೋಳು ಕಡಿದು ನೆಟ್ಟರೆ ಸಾಮಾನ್ಯವಾಗಿ ಬೇರು ಬಿಡದೆ ಕೊಳೆಯುತ್ತದೆ. ಬೇಕೆಂದವರು ಬೀಜದಿಂದಲೇ ಶುರುಮಾಡಬೇಕು.

ಬಿತ್ತನೆಯ ಮಣ್ಣಿಗೆ ಜರಡಿ ಹಿಡಿದ ಕುಂಡದ ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು. ಬೂಷ್ಟಿನ ಕಣಗಳು ಸಾಯಲೆಂದು ಮಣ್ಣನ್ನು ಒದ್ದೆಮಾಡಿ ಹಬೆ ಏಳುವತನಕ ಬಿಸಿ ಮಾಡಬೇಕು. ಅಲ್ಲಿನವರು ಅದಕ್ಕೆ ಮೈಕ್ರೋವೇವ್ ಬಳಸುತ್ತಾರೆ. ಮೇಷ್ಟ್ರೂ ಬಳಸಿದರು. “ರೀ, ಮಣ್ಣು ಬೇಯಿಸಿದ ಪೆಟ್ಟಿಗೇಲಿ ನಾನು ಮಗೂಗೆ ಹಾಲು ಕಾಯಿಸಲ್ಲ” ಎಂಬ ತೀರ್ಪು ಅಡುಗೆಮನೆಯಿಂದ ಬಂತು. ಮಗಳು ಪೆಟ್ಟಿಗೆಯನ್ನು ಲಿಂಬೆಹಣ್ಣು ಹಚ್ಚಿ ತೊಳೆದು ಕೊಟ್ಟ ಮೇಲೂ ವಾರವಿಡೀ ಹಾಲು ಒಲೆಯ ಮೇಲೆಯೇ ಕಾಯಿತು.

ಊಟ ಪಾರ್ಸೆಲ್ ಬಂದಿದ್ದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ತೂತು ಕೊರೆದು ಮಣ್ಣು ತುಂಬಿದ್ದಾಯಿತು. ಊದುಬತ್ತಿಯ ಕಡ್ಡಿಯ ತುದಿಯನ್ನು ಒದ್ದೆಮಾಡಿಕೊಂಡು ಮೇಷ್ಟ್ರು ಒಂದೊಂದೇ ಬೀಜ ಎತ್ತಿ ಮಣ್ಣಿನ ಮೇಲೆ ಸಾಲಾಗಿ ಇಟ್ಟರು. ಸಾಲು ಓರೆಯಾದಲ್ಲಿ ಎತ್ತಿ ಮತ್ತೆ ನೇರಮಾಡಿದರು. ಮೂವತ್ತು ವರ್ಷ ಮಕ್ಕಳನ್ನು ಪ್ರಾರ್ಥನೆಗೆ ನಿಲ್ಲಿಸಿದ ಕೈ. ಆಮೇಲೆ ಅಭ್ಯಾಸಬಲದಿಂದ ಮಣ್ಣು ಮುಚ್ಚಲು ಹೋದಾಗ ಮಗಳು ತಡೆದಳು. ಸವಾರೋ ಬೀಜಕ್ಕೆ ಬೆಳಕು ತಾಗಬೇಕು, ಹುಗಿದರೆ ಮೊಳೆಯುವುದಿಲ್ಲ. ನೀರು ಚಿಮುಕಿಸಿ, ಪಾರದರ್ಶಕ ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಬೆಳಕಿನ ಕಿಟಕಿಯ ಬಳಿ ಇಟ್ಟು, 25ರಿಂದ 30 ಡಿಗ್ರಿ ಸೆಕೆ ಕೊಟ್ಟರೆ ಒಂದೆರಡು ವಾರದಲ್ಲಿ ಮೊಳಕೆ.

ಅಲ್ಲಿಯತನಕ ಏನು ಮಾಡಬೇಕು? ಏನೂ ಮಾಡಬಾರದು. ಮುಚ್ಚಿದ ಡಬ್ಬಿಯಲ್ಲಿ ನೀರು ಆವಿಯಾಗಿ ಮುಚ್ಚಳಕ್ಕೆ ಹತ್ತಿ, ಹನಿಯಾಗಿ ಮತ್ತೆ ಮಣ್ಣಿಗೇ ಬೀಳುತ್ತಿರುತ್ತದೆ. ಹೊಸಬರಿಗೆ ಕಷ್ಟವಾಗುವುದು ಇದೇ. ಬೆಳಿಗ್ಗೆ ಎದ್ದ ಕೂಡಲೇ ಗಿಡಕ್ಕೆ ಒಂದು ಚೊಂಬು ನೀರು ಹಾಕದಿದ್ದರೆ ಕಾಫಿ ಇಳಿಯದ ಜನರಿಗೆ, ಕೈಕಟ್ಟಿ ಕೂರುವ ಬೇಸಾಯ ಎಲ್ಲಿಂದ ಒಗ್ಗಬೇಕು? ಮೇಷ್ಟ್ರು ಸ್ಪ್ರೇ ಬಾಟಲಿ ಹಿಡಿದು ಕಿಟಕಿಯ ಕಡೆ ಹೊರಟಾಗಲೆಲ್ಲ ಹೆಂಡತಿ ಕೆಮ್ಮುತ್ತಿದ್ದರು. ಕೆಮ್ಮು ಕೇಳಿಸದ ಹೊತ್ತಿನಲ್ಲಿ ಹಾಕಿದ ನೀರಿಗೆ ಒಂದು ಮೂಲೆಯಲ್ಲಿ ಪಾಚಿ ಕಟ್ಟಿತು. ಮೊಳಕೆ ಬಂದ ಮೇಲೆ ಅದೇ ಮೂಲೆಯ ಸಸಿಗಳು ಬುಡದಲ್ಲಿ ಕಂದಿ, ಸಾಲಾಗಿ ಅಡ್ಡ ಬಿದ್ದವು. ಹೊಗೆಸೊಪ್ಪು, ಟೊಮೆಟೊ ಸಸಿಮಡಿ ಮಾಡಿದವರಿಗೆಲ್ಲ ಗೊತ್ತಿರುವ ಸಸಿ ಸಾಯುವ ರೋಗ ಅದು. ಕಳ್ಳಿಗೂ ಬರುತ್ತದೆ, ಬೇಗನೇ ಬರುತ್ತದೆ.

ಉಳಿದವನ್ನು ನೋಡಲು ಮನೆಮಂದಿಯೆಲ್ಲ ಬಗ್ಗಿದರು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಕಟ್ಟಿದವರು ಸವಾರೋ ಮೊಳಕೆಯನ್ನು ಕಂಡಿರಲಾರರು. ಅದರಲ್ಲಿ ಸಿರಿಯೂ ಇಲ್ಲ, ಕಳ್ಳಿಯೂ ಇಲ್ಲ. ಎರಡು ಉಬ್ಬಿದ ಹಸಿರು ಬೀಜದಳ, ಅಷ್ಟೆ. ಕಳ್ಳಿ ದ್ವಿದಳ ಸಸ್ಯ ಎನ್ನುವುದಕ್ಕೆ ಅದು ಕೊಡುವ ಒಂದೇ ಪುರಾವೆ ಆ ಎರಡು ದಳ. ಕೆಲವು ವಾರ ಕಳೆದ ಮೇಲೆ ಅವುಗಳ ನಡುವಿನಿಂದ ಬಿಳಿಯ ಕೂದಲಿನಂಥ ಮುಳ್ಳಿನ ಗೊಂಚಲು ಇಣುಕುತ್ತದೆ. ಮೊಮ್ಮಗ ಅದನ್ನು ಮುಟ್ಟಿ ನೋಡಿ ನಕ್ಕ. ಚುಚ್ಚುವ ಯೋಗ್ಯತೆಯೂ ಆಗಿನ್ನೂ ಬಂದಿರುವುದಿಲ್ಲ.

ಮನೆಯಲ್ಲಿ ಸತ್ತವನ್ನು ಎಣಿಸಿ ಕೊರಗುವವರು ಮರುಭೂಮಿಯ ಲೆಕ್ಕ ನೋಡಿದರೆ ಸಮಾಧಾನವಾದೀತು. ಒಂದು ಹಣ್ಣಿನಲ್ಲಿ ಸುಮಾರು 2,000 ಬೀಜ. ಒಂದು ಸವಾರೋ ತನ್ನ ಜೀವಮಾನದಲ್ಲಿ ಉದುರಿಸುವುದು ಸುಮಾರು ನಾಲ್ಕು ಕೋಟಿ. ಅವುಗಳಲ್ಲಿ ದೊಡ್ಡದಾಗುವುದು ಬೆರಳೆಣಿಕೆಯಷ್ಟು. ನಾಲ್ಕು ಕೋಟಿ ಮಕ್ಕಳು ಕೂತು ಒಂದಿಬ್ಬರು ಪಾಸಾಗುವ ಪರೀಕ್ಷೆ; ಹೀಗಿದ್ದೂ ಶಾಲೆ ಮುಚ್ಚಿಲ್ಲವಲ್ಲ ಎಂದು ಮೇಷ್ಟ್ರಿಗೆ ಆಶ್ಚರ್ಯ. ಹಕ್ಕಿ, ಇರುವೆ, ಇಲಿಗಳು ಬೀಜ ತಿನ್ನುತ್ತವೆ. ಬಿಸಿಲು ಮೊಳಕೆಯನ್ನು ಸುಡುತ್ತದೆ. ಚಳಿಗಾಲದ ಹಿಮ ಉಳಿದದ್ದನ್ನು ಕೊಲ್ಲುತ್ತದೆ. ಬದುಕಿದವುಗಳಲ್ಲಿ ಹೆಚ್ಚಿನವು ಪಾಲೋ ವರ್ಡೆ, ಮೆಸ್ಕೀಟ್ ಮರಗಳ ನೆರಳಿಗೆ ಬಿದ್ದಂಥವು. ಅಲ್ಲಿಯವರು ಆ ಮರಗಳನ್ನು ದಾದಿ ಎಂದೇ ಕರೆಯುತ್ತಾರೆ. ಬಾಲ್ಯವೆಲ್ಲ ದಾದಿಯ ಮಡಿಲಲ್ಲಿ ಕಳೆದ ಕಳ್ಳಿ, ದಾದಿ ಒಣಗಿಹೋದ ಮೇಲೂ ನೂರು ವರ್ಷ ಹಾಯಾಗಿ ನಿಂತಿರುತ್ತದೆ.

ಮೊದಲ ಹೂವು ಸುಮಾರು 35ನೆಯ ವರ್ಷಕ್ಕೆ. ಮಗಳ ಮನೆಸಾಲ 30 ವರ್ಷದ್ದು. ಸಾಲ ತೀರಿ ಐದು ವರ್ಷಕ್ಕೆ ಕಳ್ಳಿ ಹೂಬಿಡಬೇಕು. ರಾತ್ರಿ ಅರಳಿ ಮರುದಿನ ಮಧ್ಯಾಹ್ನ ಮುದುಡುವ ಬಿಳಿಯ ಹೂವು ಅದು; ಬಾವಲಿ, ಪಾರಿವಾಳ, ಜೇನ್ನೊಣಗಳ ಕೆಲಸವೆಲ್ಲ ಅಷ್ಟರೊಳಗೆ ಮುಗಿಯಬೇಕು. ಅದನ್ನೇ ಅರಿಜೋನಾ 1931ರಲ್ಲಿ ತನ್ನ ರಾಜ್ಯಪುಷ್ಪ ಮಾಡಿಕೊಂಡಿತು. ತೋಳು ಮೂಡುವುದು 50ರಿಂದ 70 ವರ್ಷಕ್ಕೆ, ಮಳೆ ತೀರ ಕಡಿಮೆಯಿರುವ ಕಡೆ 100ಕ್ಕೆ. ಕೆಲವು ತೋಳೇ ಇಲ್ಲದೆ ಬಾಳು ಮುಗಿಸುತ್ತವೆ. ಉದ್ಯಾನದವರ ಪ್ರಕಾರ ಪ್ರಾಯಕ್ಕೆ ಬರುವುದು ಸುಮಾರು 125ಕ್ಕೆ. ಬ್ರಿಟನ್ ಮತ್ತು ರೋಸ್ ಎಂಬ ಸಸ್ಯವಿಜ್ಞಾನಿಗಳು ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಗೌರವಾರ್ಥ ಈ ಗಿಡಕ್ಕೆ ಕಾರ್ನೆಗಿಯಾ ಎಂದು ಹೆಸರಿಟ್ಟದ್ದು 1908ರಲ್ಲಿ. ಟೂಸಾನ್‌ನ ಮರುಭೂಮಿ ಪ್ರಯೋಗಾಲಯ 1903ರಲ್ಲಿ ಶುರುವಾದದ್ದು ಅವನ ಹೆಸರಿನ ಸಂಸ್ಥೆಯಿಂದ. ಆ ನಾಮಕರಣದ ವರ್ಷ ಮೊಳೆತ ಸವಾರೋ ಯಾವುದಾದರೂ ಉಳಿದಿದ್ದರೆ, ಅದು ಇನ್ನೂ ಪ್ರಾಯಕ್ಕೆ ಬಂದಿಲ್ಲ.

ಇಷ್ಟು ನಿಧಾನದ ಜೀವಿಯ ಜೊತೆ ಬಾಳುವುದನ್ನು ಅಲ್ಲಿಯ ಮೂಲನಿವಾಸಿ ಟೊಹೊನೊ ಓಅಧಮ್ ಜನ ಬಹುಕಾಲದಿಂದ ಬಲ್ಲರು. ಜೂನ್ ಕೊನೆಗೆ, ಮಳೆಗೆ ಮೊದಲು, ಹಣ್ಣು ಮಾಗುತ್ತದೆ. ಸತ್ತ ಸವಾರೋದ ಒಣ ಎಲುಬುಗಳನ್ನು ಜೋಡಿಸಿ ಕಟ್ಟಿದ ದೋಟಿಯಿಂದ ಬದುಕಿರುವ ಸವಾರೋದ ಹಣ್ಣು ಕೀಳುತ್ತಾರೆ. ಅದನ್ನು ಕುದಿಸಿ ಪಾಕ ಮಾಡುತ್ತಾರೆ. ಪಾಕ ಹುಳಿಸಿದ ಮದ್ಯ ಮಳೆ ಕರೆಯುವ ಹಬ್ಬಕ್ಕೆ. ದೋಟಿ ಎಂದ ಕೂಡಲೇ ಮೇಷ್ಟ್ರಿಗೆ ಆ ಜನ ತಮ್ಮ ಊರಿನವರೇ ಆಗಿಬಿಟ್ಟರು.

ಎಲ್ಲರೂ ಹೀಗೆ ಮರ್ಯಾದೆಯಿಂದ ನಡೆದುಕೊಳ್ಳುವುದಿಲ್ಲ. 1982ರಲ್ಲಿ ಫೀನಿಕ್ಸ್ ಹೊರವಲಯದಲ್ಲಿ ಒಬ್ಬ ಮೋಜಿಗೆಂದು ದೊಡ್ಡ ಸವಾರೋಗೆ ಗುಂಡು ಹೊಡೆಯುತ್ತ ನಿಂತ. ಅದರ ತೋಳು ಮುರಿದು ಅವನ ಮೇಲೇ ಬಿದ್ದು ಅವನು ಸತ್ತ. ಕದಿಯುವವರೂ ಇದ್ದಾರೆ. ಅಲ್ಲಿನ ನರ್ಸರಿಗಳಲ್ಲಿ ಸವಾರೋಗೆ ಅಡಿ ಲೆಕ್ಕದ ಬೆಲೆ, ತೋಳಿದ್ದರೆ ಇನ್ನೂ ಹೆಚ್ಚು. ಹಾಗಾಗಿ ರಾಷ್ಟ್ರೀಯ ಉದ್ಯಾನದವರು ಹಲವು ಕಳ್ಳಿಗಳ ಮೈಯೊಳಗೆ ಗುರುತಿನ ಚಿಪ್ ಕೂರಿಸಿದ್ದಾರೆ. ರಶೀದಿಯೊಂದಿಗೆ ಕೊಂಡು ತಂದು ನೆಡುವವರಿಗೂ ನಿಯಮವಿದೆ. ಮೊದಲು ದಕ್ಷಿಣಕ್ಕಿದ್ದ ಮೈ ಹೊಸ ಜಾಗದಲ್ಲೂ ದಕ್ಷಿಣಕ್ಕೇ ಇರಬೇಕು. ಬಿಸಿಲು ಕಾಣದ ಮಗ್ಗುಲು ಸೂರ್ಯನಿಗೆ ಎದುರಾದರೆ ಸುಟ್ಟು ಬೊಕ್ಕೆ ಏಳುತ್ತದೆ. ಅದಕ್ಕೇ ಕೀಳುವ ಮೊದಲೇ ಗಿಡದ ಮೇಲೆ ದಿಕ್ಕಿನ ಗುರುತು ಹಾಕುತ್ತಾರೆ. ವಾಸ್ತು ನೋಡುವವರು ಹೊಟ್ಟೆಪಾಡಿಗೆ ಅರಿಜೋನಾಕ್ಕೂ ಹೋಗಬಹುದು.

ನವೆಂಬರ್ ಬಂತು, ಮೇಷ್ಟ್ರ ಅಪ್ಪಣೆ ಮುಗಿಯಿತು, ಗಿಡದ್ದು ಇನ್ನೂ ಶುರುವಾಗಿರಲಿಲ್ಲ. ಸೂಟ್‌ಕೇಸಿನಲ್ಲಿ ಒಂದೆರಡು ಸಸಿ ಊರಿಗೆ ಒಯ್ಯುವ ಆಸೆಗೆ ಮಗಳು ಅಡ್ಡ ಬಂದಳು. ಹೆಚ್ಚೂಕಡಿಮೆ ಇಡೀ ಕ್ಯಾಕ್ಟಸ್ ಕುಟುಂಬ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಅಮೆರಿಕ ಬಿಡಲು ಒಂದು ಪರವಾನಗಿ, ಭಾರತ ಹೊಗಲು ಇನ್ನೊಂದು, ಜೊತೆಗೆ ರೋಗವಿಲ್ಲವೆಂಬ ಸರ್ಟಿಫಿಕೇಟು. ಮೇಷ್ಟ್ರ ವೀಸಾಕ್ಕೂ ಇಷ್ಟು ಕಾಗದ ಕೇಳಿರಲಿಲ್ಲ. ಡಬ್ಬಿ ಚಾಂಡ್ಲರ್‌ನಲ್ಲೇ ಉಳಿಯಿತು. ವಿಡಿಯೋ ಕಾಲ್‌ನಲ್ಲಿ ಮಗಳು ಮೊಬೈಲನ್ನು ಸಸಿಗಳ ಹತ್ತಿರ ಹಿಡಿಯುತ್ತಾಳೆ. ಇವರು “ಬೆಳೆದಿದೆ” ಎನ್ನುತ್ತಾರೆ, ಹೆಂಡತಿ “ಫೋನು ಹತ್ತಿರ ಹಿಡಿದಿದ್ದಾಳೆ” ಎನ್ನುತ್ತಾರೆ.

ಇದನ್ನೋದಿ ಕೈ ತುರಿಸುವವರು ಬೀಜವನ್ನು ನಂಬಿಕೆಯ ಮಾರಾಟಗಾರರಿಂದಲೇ ಕೊಳ್ಳಲಿ. ಕಾಳಿನ ಮೇಲೆ ಮಣ್ಣು ಮುಚ್ಚುವುದು ಬೇಡ. ಮುಳ್ಳು ಬಂದ ಮೇಲೆ ಮುಚ್ಚಳವನ್ನು ದಿನಕ್ಕಿಷ್ಟು ಸರಿಸುತ್ತ ಬಂದು ಆಮೇಲೆ ತೆಗೆಯಲಿ, ಮೊದಲ ವರ್ಷ ಬೇರುಗಳನ್ನು ಕದಲಿಸದಿರಲಿ. ಬೆಂಗಳೂರು, ಮೈಸೂರಿನವರು ಜೂನ್‌ನಿಂದ ಅಕ್ಟೋಬರ್‌ವರೆಗೆ ಕುಂಡವನ್ನು ಮಳೆ ತಾಗದ ಸೂರಿನಡಿ ಇಡಲಿ. ನಮ್ಮ ಮುಂಗಾರಿನ ನೀರು ಇದಕ್ಕೆ ತಡೆಯದು. ಬಾಡಿಗೆ ಮನೆಯಲ್ಲಿರುವವರು ಮಾತ್ರ ನೆಲದಲ್ಲಿ ನೆಡಬೇಡಿ. ಹನ್ನೊಂದು ತಿಂಗಳ ಕರಾರಿಗೆ ಈ ಗಿಡ ಹೊಂದುವುದಿಲ್ಲ.